ಸೋಲುವ ಅಭ್ಯರ್ಥಿಗೆ ದೇಣಿಗೆ: ಕೊಡಬೇಕೆ, ಬೇಡವೆ?

ಚುನಾವಣೆ ನಮ್ಮ ಕಡೆ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಕೊನೆಕೊಯ್ಲು ಮುಗಿದಿರುತ್ತದೆ, ಅಡಿಕೆ ಸಿರಸಿಯ ಯಾರ್ಡಿಗೋ ಸಿದ್ದಾಪುರದ ಯಾರ್ಡಿಗೋ ಹೋಗಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ. ಅದೇ ಹೊತ್ತಿಗೆ ಸರಿಯಾಗಿ ಅಂಗಳಕ್ಕೆ ಬರುತ್ತಾರೆ: ಒಬ್ಬ ಅಭ್ಯರ್ಥಿ, ಜತೆಗೆ ಮೂರು ಜನ, ಒಂದು ರಸೀದಿ ಪುಸ್ತಕ. ಮನುಷ್ಯ ಒಳ್ಳೆಯವರೇ. ಮಾತಿನಲ್ಲೂ ಸತ್ವವಿದೆ. ಆದರೆ ಅವರು ಗೇಟು ದಾಟಿ ಹೋದ ಕೂಡಲೇ ಜಗಲಿಯ ಮೇಲೆ ಕುಳಿತವರ ಬಾಯಿಂದ ಬರುವ ಮಾತು ಒಂದೇ: ‘ಇವರು ಗೆಲ್ಲೂದಿಲ್ಲ ಬಿಡಿ, ಸುಮ್ನೆ ದುಡ್ಡು ದಂಡ.’

ಈ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಯಾವುದೆಂದು ತಿಳಿಯಲು ಭಾವನೆ ಬದಿಗಿಟ್ಟು ಲೆಕ್ಕ ಹಾಕಬೇಕು. ಸಿದ್ದಾಪುರದ ಪಕ್ಕದ ಬಿಳಗಿಯಲ್ಲಿ ಕುಳಿತ ಮತದಾರನಿಗೆ ಈ ಲೆಕ್ಕ ಮಾಡುವುದು ಸುಲಭ, ಏಕೆಂದರೆ ಅವನ ಸುತ್ತಲೇ ಎಲ್ಲ ಬಗೆಯ ಉದಾಹರಣೆಗಳೂ ಇವೆ.

ಮೊದಲು ಲೋಕಸಭೆ. ಉತ್ತರ ಕನ್ನಡ ಕ್ಷೇತ್ರದಲ್ಲಿ 2009ರಲ್ಲಿ ಅನಂತಕುಮಾರ ಹೆಗಡೆಯವರು ಮಾರ್ಗರೆಟ್ ಆಳ್ವ ಅವರನ್ನು ಸೋಲಿಸಿದ್ದು ಸುಮಾರು 22 ಸಾವಿರ ಮತಗಳಿಂದ. 2014ಕ್ಕೆ ಅಂತರ 1.40 ಲಕ್ಷಕ್ಕೆ ಏರಿತು. 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿಕೂಟ ಈ ಸೀಟನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟಿತು. ಅದರ ಅಭ್ಯರ್ಥಿ ಆನಂದ ಅಸ್ನೋಟಿಕರ್ 4,79,649 ಮತಗಳಿಂದ ಸೋತರು. 2024ರಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಡಾ. ಅಂಜಲಿ ನಿಂಬಾಳ್ಕರ್ ಅವರ ಮೇಲೆ ಗೆದ್ದ ಅಂತರ 3,37,428. ಚಲಾವಣೆಯಾದ ಮತಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು. ಇಷ್ಟು ದೊಡ್ಡ ಹಳ್ಳವನ್ನು ನಿಮ್ಮ ಸಾವಿರ ರೂಪಾಯಿ ತುಂಬುವುದಿಲ್ಲ, ನಿಮ್ಮಂಥ ಸಾವಿರ ಜನರ ಸಾವಿರ ರೂಪಾಯಿಯೂ ತುಂಬುವುದಿಲ್ಲ. ಗೆಲ್ಲಿಸುತ್ತೇನೆಂಬ ಆಸೆಯಿಂದ ಇಲ್ಲಿ ದುಡ್ಡು ಕೊಡುವುದಾದರೆ, ಜಗಲಿಯ ಮಾತೇ ಸರಿ.

ಅದೇ ಮತದಾರ, ಅದೇ ಮತಗಟ್ಟೆ, ವಿಧಾನಸಭೆ ಚುನಾವಣೆಗೆ ಬಂದರೆ ಲೆಕ್ಕವೇ ಬೇರೆ. ಬಿಳಗಿ ಸೇರಿರುವ ಸಿರಸಿ ಕ್ಷೇತ್ರದಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರು ಕಾಗೇರಿಯವರ ಎದುರು 17,461 ಮತಗಳಿಂದ ಸೋತರು. ಮಾರನೇ ವರ್ಷದ ಡಿಸೆಂಬರಿನಲ್ಲೇ ಯಲ್ಲಾಪುರದ ಉಪಚುನಾವಣೆಗೆ ನಿಂತು ಶಿವರಾಮ ಹೆಬ್ಬಾರರ ಎದುರು 31 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಆ ಡಿಸೆಂಬರಿನಲ್ಲಿ ‘ಭೀಮಣ್ಣನಿಗೆ ದೇಣಿಗೆ ಕೊಡಿ’ ಎಂದರೆ ನಗುವವರೇ ಹೆಚ್ಚಿದ್ದರು. 2023ರಲ್ಲಿ ಅದೇ ಭೀಮಣ್ಣನವರು ವಿಧಾನಸಭಾಧ್ಯಕ್ಷರಾಗಿದ್ದ ಕಾಗೇರಿಯವರನ್ನು 8,712 ಮತಗಳಿಂದ ಸೋಲಿಸಿದರು. ಮರುವರ್ಷ ಕಾಗೇರಿಯವರು ಮೂರು ಲಕ್ಷ ಮೀರಿದ ಅಂತರದಲ್ಲಿ ಲೋಕಸಭೆಗೆ ಹೋದರು. ಇಬ್ಬರಿಗೂ ಅವರವರ ಸೋಲು ಕೊನೆಯ ಮಾತಾಗಲಿಲ್ಲ.

ಹಾಗಾಗಿ ‘ಇದು ನಮಗೆ ಒಲಿಯದ ಕ್ಷೇತ್ರ’ ಎಂದು ಒಂದೇ ಏಟಿಗೆ ತೀರ್ಮಾನಿಸುವುದು ತಪ್ಪು. ಯಾವ ಚುನಾವಣೆ, ಕಳೆದ ಬಾರಿಯ ಅಂತರ ಎಷ್ಟು, ಮೂರನೆಯವರು ಎಷ್ಟು ಮತ ತೆಗೆದುಕೊಂಡರು ಎಂಬ ಮೂರನ್ನು ನೋಡಬೇಕು. 2018ರ ಸಿರಸಿಯಲ್ಲಿ ಮೂರನೇ ಸ್ಥಾನದ ಜೆಡಿಎಸ್ ಪಡೆದ ಮತಗಳು ಸೋಲಿನ ಅಂತರಕ್ಕಿಂತ ಹೆಚ್ಚಿದ್ದವು. ಆಗಲೇ ಕಣ್ಣಿಟ್ಟು ನೋಡಿದವರಿಗೆ ಬಾಗಿಲು ಮುಚ್ಚಿಲ್ಲ ಎಂದು ಗೊತ್ತಾಗುತ್ತಿತ್ತು. ನನ್ನ ಅಂದಾಜಿನ ಗೆರೆ ಹೀಗಿದೆ: ಕಳೆದ ಬಾರಿಯ ಸೋಲು ಚಲಾವಣೆಯಾದ ಮತದ ನೂರಕ್ಕೆ ಹತ್ತು-ಹನ್ನೆರಡರೊಳಗಿದ್ದು, ಅದೇ ಅಭ್ಯರ್ಥಿ ಐದು ವರ್ಷ ಊರು ಬಿಟ್ಟು ಹೋಗದೆ ಇದ್ದರೆ, ಅದು ಕಷ್ಟದ ಕ್ಷೇತ್ರವೇ ಹೊರತು ಅಸಾಧ್ಯದ್ದಲ್ಲ. ಅಲ್ಲಿ ಕೊಟ್ಟ ದುಡ್ಡಿಗೆ ತೂಕವಿದೆ. ಗೆರೆ ದಾಟಿ ಇಪ್ಪತ್ತು, ಮೂವತ್ತಕ್ಕೆ ಹೋದರೆ ಗೆಲುವಿನ ಮಾತು ಬಿಟ್ಟು ಬೇರೆ ಕಾರಣ ಹುಡುಕಿಕೊಳ್ಳಬೇಕು.

ಬೇರೆ ಕಾರಣಗಳಿವೆಯೇ? ಇವೆ.

1989ರಲ್ಲಿ ಶಿವರಾಮ ಕಾರಂತರು ಇದೇ ಲೋಕಸಭಾ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತರು. ವಯಸ್ಸು 87. ವಿಷಯ ಕೈಗಾ ಅಣುಸ್ಥಾವರ. ಗೆಲ್ಲುತ್ತೇನೆಂದು ಅವರೂ ನಿಂತದ್ದಲ್ಲ. ಓಡಾಡಿ ಮಾತಾಡಲು ಚುನಾವಣೆ ಒಂದು ವೇದಿಕೆ ಎಂದು ನಿಂತರು. ಸೋತರು. ಕೈಗಾ ನಿಲ್ಲಲಿಲ್ಲ, 2000ದಲ್ಲಿ ಅಲ್ಲಿ ವಾಣಿಜ್ಯ ಮಟ್ಟದ ವಿದ್ಯುತ್ ಉತ್ಪಾದನೆಯೂ ಶುರುವಾಯಿತು. ಹಾಗಂತ ಆ ಸ್ಪರ್ಧೆಗೆ ಕೈಯೆತ್ತಿ ಕೊಟ್ಟವರ ದುಡ್ಡು ಹೊಳೆಗೆ ಹೋಯಿತೆ? ವಿಕಿರಣ, ಕಾಡು, ಪುನರ್ವಸತಿ ಎಂಬ ಮಾತುಗಳನ್ನು ಚುನಾವಣೆಯ ಭಾಷಣದೊಳಕ್ಕೆ ತಂದದ್ದಕ್ಕೆ ಒಂದು ಬೆಲೆಯಿದೆ ಎಂದು ಒಪ್ಪುವವರಿಗೆ ಅದು ಸಂದಾಯವಾದ ದುಡ್ಡು. ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನೂ ಇಡಬೇಕು. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಸರ್ಕಾರ ಕೈಬಿಟ್ಟದ್ದು ಯಾವ ಸಂಸದ ಗೆದ್ದುದರಿಂದಲೂ ಅಲ್ಲ. ಸಿರಸಿ-ಯಲ್ಲಾಪುರದ ತೋಟಿಗರು, ಸಹಕಾರಿ ಸಂಘ, ವಿಜ್ಞಾನಿಗಳು ಕೂತು ಲೆಕ್ಕ ಬಿಡಿಸಿ ತೋರಿಸಿದ್ದರಿಂದ. ನಿಮ್ಮ ಆಸಕ್ತಿ ಒಂದು ವಿಷಯದಲ್ಲಿದ್ದು ಅಭ್ಯರ್ಥಿಯಲ್ಲಿ ಅಲ್ಲವಾದರೆ, ದುಡ್ಡು ಚಳವಳಿಗೆ ಹೋಗುವುದೇ ವಾಸಿ. ಸೋಲುವ ಅಭ್ಯರ್ಥಿಯ ಮೈಕು ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಬಂದ್ ಆಗುತ್ತದೆ. ಚಳವಳಿಯ ಮೈಕು ಹಾಗಲ್ಲ.

ದಿನಕರ ದೇಸಾಯಿಯವರನ್ನೂ ನೆನೆಯಬೇಕು. ಮೂರು ಚುನಾವಣೆ ಸತತವಾಗಿ ಕಾಂಗ್ರೆಸ್ಸಿನ ಜೋಕಿಂ ಆಳ್ವರನ್ನು ಕಳಿಸಿದ್ದ ಈ ಕ್ಷೇತ್ರದಿಂದ 1967ರಲ್ಲಿ ಪಕ್ಷೇತರರಾಗಿ ಗೆದ್ದವರು ಅವರು. ಆದರೆ ಅವರು ಚುನಾವಣೆಯ ವರ್ಷ ಹುಟ್ಟಿಕೊಂಡವರಲ್ಲ. ರೈತ ಚಳವಳಿಗಾಗಿ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದವರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದವರು. ಬಾಗಲಕೋಟೆಯಲ್ಲಿ 1991ರಲ್ಲಿ ನಮ್ಮದೇ ಸಿದ್ದಾಪುರ ದೊಡ್ಮನೆಯ ರಾಮಕೃಷ್ಣ ಹೆಗಡೆಯವರಂಥ ಮಾಜಿ ಮುಖ್ಯಮಂತ್ರಿಯನ್ನು ಸಿದ್ದು ನ್ಯಾಮಗೌಡರು ಸೋಲಿಸಿದಾಗಲೂ ಕತೆ ಇಂಥದ್ದೇ. ಎರಡು ವರ್ಷ ಮುಂಚೆ ಕೃಷ್ಣಾ ನದಿಗೆ ರೈತರಿಂದಲೇ ದುಡ್ಡು ಎತ್ತಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿಸಿದ್ದವರು ಅವರು. ಜನ ಮತ ಹಾಕುವ ಮೊದಲೇ ದುಡ್ಡು ಹಾಕಿ ಅವರನ್ನು ಪರೀಕ್ಷಿಸಿದ್ದರು. ದೇಣಿಗೆ ಕೇಳಲು ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ ಇದೇ: ಚುನಾವಣೆ ಇಲ್ಲದ ವರ್ಷ ಏನು ಮಾಡುತ್ತಿದ್ದಿರಿ?

ಜನರ ದುಡ್ಡಿನಿಂದಲೇ ಚುನಾವಣೆ ನಡೆಸಿದ ದೊಡ್ಡ ಉದಾಹರಣೆ ನಮ್ಮ ಗಡಿಯಾಚೆಗೇ ಇದೆ. 1952ರಲ್ಲಿ ಬಿಳಗಿ ಮುಂಬಯಿ ರಾಜ್ಯದಲ್ಲಿತ್ತು, ಪಕ್ಕದ ಸಾಗರ ಮೈಸೂರು ರಾಜ್ಯದಲ್ಲಿ. ಗೇಣಿದಾರರ ಕಾಗೋಡು ಸತ್ಯಾಗ್ರಹದ ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಲ್ಲಿ ಸಮಾಜವಾದಿ ಪಕ್ಷದಿಂದ ನಿಂತು ಎ.ಆರ್. ಬದರಿನಾರಾಯಣರನ್ನು ಸೋಲಿಸಿದರು. ‘ಒಂದು ಓಟು, ಒಂದು ನೋಟು’ ಎಂಬ ಮಾತನ್ನು ಮಲೆನಾಡಿನವರು ಇಂದಿಗೂ ಆ ಚುನಾವಣೆಯ ಜತೆಗೇ ನೆನೆಯುವುದು. ಒಂದು ರೂಪಾಯಿ ಕೊಟ್ಟ ಗೇಣಿದಾರ ಮತ ಹಾಕಲೂ ಬರುತ್ತಾನೆ, ನಾಲ್ಕು ಜನರನ್ನು ಕರೆತರುತ್ತಾನೆ ಎಂಬುದು ಆ ಮಾತಿನ ಒಳಗುಟ್ಟು. 1957ರಲ್ಲಿ ಗೋಪಾಲಗೌಡರು ಸೋತರು, 1962ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು.

ಇದರ ತಿರುವುಮುರುವು ಚಿತ್ರ ಅಮೆರಿಕದಲ್ಲಿದೆ. 2020ರ ಸೆನೆಟ್ ಚುನಾವಣೆಗೆ ಕೆಂಟಕಿಯಲ್ಲಿ ಮಿಚ್ ಮೆಕಾನೆಲ್ ಎದುರು ನಿಂತ ಏಮಿ ಮೆಕ್‌ಗ್ರಾತ್ ಅವರಿಗೆ ದೇಶದ ಮೂಲೆಮೂಲೆಯಿಂದ 9 ಕೋಟಿ ಡಾಲರ್ ಮೀರಿ ಹರಿದುಬಂತು. ನೂರಕ್ಕೆ ಇಪ್ಪತ್ತರಷ್ಟು ಅಂತರದಲ್ಲಿ ಸೋತರು. ಅದೇ ವರ್ಷ ದಕ್ಷಿಣ ಕೆರೊಲಿನಾದಲ್ಲಿ ಜೇಮಿ ಹ್ಯಾರಿಸನ್ 13 ಕೋಟಿ ಡಾಲರ್ ಎತ್ತಿ ಹತ್ತರ ಅಂತರದಲ್ಲಿ ಸೋತರು. ಎದುರಾಳಿಯ ಮೇಲಿನ ಸಿಟ್ಟಿಗೆ ದೂರದವರು ಕೊಟ್ಟ ದುಡ್ಡದು. ಬೆಂಗಳೂರಿನಲ್ಲಿರುವ ನಮ್ಮ ಹುಡುಗರೂ ಮೊಬೈಲಿನಲ್ಲಿ ಯಾರದೋ ಭಾಷಣ ಕೇಳಿ ಯುಪಿಐ ಒತ್ತುವ ಮುಂಚೆ ಇದನ್ನು ಯೋಚಿಸುವುದು ಒಳ್ಳೆಯದು: ಟಿವಿಯಲ್ಲಿ ಹೆಚ್ಚು ಸದ್ದಾಗುವ ಕಣಕ್ಕೆ ನಿಮ್ಮ ದುಡ್ಡು ಬೇಕಾಗಿರುವುದು ಅತಿ ಕಡಿಮೆ. ನಮ್ಮದೇ ಜಿಲ್ಲೆಯ ಕುಮಟಾದಲ್ಲಿ 2023ರಲ್ಲಿ ಜೆಡಿಎಸ್ ಅಭ್ಯರ್ಥಿ ಸೋತದ್ದು 700ಕ್ಕೂ ಕಡಿಮೆ ಮತಗಳಿಂದ. ಆ ಪಕ್ಷ ಜಿಲ್ಲೆಯಲ್ಲಿ ಎಲ್ಲಿದೆ ಎಂದು ಕೇಳುತ್ತಿದ್ದ ವರ್ಷವದು.

ದುಡ್ಡು ಎಲ್ಲಿ ಖರ್ಚಾಗುತ್ತದೆ?

ಸೋಲುವ ಪಕ್ಷದ ದೌರ್ಬಲ್ಯ ಕಾಣುವುದು ಬಹಿರಂಗ ಸಭೆಯಲ್ಲಲ್ಲ, ಮತಗಟ್ಟೆಯಲ್ಲಿ. ಕಾಡಂಚಿನ ಒಂದು ಪ್ರಾಥಮಿಕ ಶಾಲೆ ಎಂದುಕೊಳ್ಳಿ. ಮತದಾನ ಏಳಕ್ಕೆ. ಅದಕ್ಕೂ ಒಂದೂವರೆ ಗಂಟೆ ಮೊದಲು, ಬೆಳಗಿನ ಐದೂವರೆಗೆ, ಅಣಕು ಮತದಾನ. ಕನಿಷ್ಠ 50 ಮತ ಒತ್ತಿ, ಯಂತ್ರ ಸರಿಯಿದೆಯೇ ಎಂದು ಏಜೆಂಟರ ಎದುರು ಎಣಿಸಿ, ಅಳಿಸಿ, ಸೀಲು ಹಾಕುತ್ತಾರೆ. ಗೆಲ್ಲುವ ಪಕ್ಷದವರು ಕತ್ತಲಲ್ಲೇ ಟಾರ್ಚು ಹಿಡಿದು ಬಂದು ಕೂತಿರುತ್ತಾರೆ. ಸೋಲುವವರ ಕುರ್ಚಿ ಖಾಲಿ. ಸಂಜೆ ಮತಗಟ್ಟೆ ಅಧಿಕಾರಿ ಒಟ್ಟು ಎಷ್ಟು ಮತ ಬಿತ್ತು ಎಂದು ನಮೂನೆ 17ಸಿಯಲ್ಲಿ ಬರೆದು ಹಾಜರಿದ್ದ ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಹಾಜರಿಲ್ಲದವರಿಗೆ ಪ್ರತಿಯೂ ಇಲ್ಲ. ಮುಂದೆ ಎಣಿಕೆಯಲ್ಲಿ ಅನುಮಾನ ಬಂದರೆ ತೋರಿಸಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಅಂಥ ಕುರ್ಚಿ ತುಂಬಿಸಲು ಬೇಕಾದದ್ದು ಒಬ್ಬ ಮನುಷ್ಯ, ಅವನ ಊಟ, ಹೋಗಿಬರುವ ಖರ್ಚು. ನಾನಾದರೆ ಪೋಸ್ಟರಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡುತ್ತೇನೆ. ಹಾಗೆ ಕೇಳಿ ಪಡೆಯುವ ಅಭ್ಯರ್ಥಿಗೆ ಇನ್ನೂ ಸ್ವಲ್ಪ ಹೆಚ್ಚೇ ಕೊಡುತ್ತೇನೆ, ಏಕೆಂದರೆ ಅವನಿಗೆ ಕೆಲಸ ಗೊತ್ತಿದೆ.

ಇನ್ನೊಂದು ಮತದಾರರ ಪಟ್ಟಿ. ಹೊಸ ಹೆಸರಿಗೆ ನಮೂನೆ 6, ತೆಗೆಯಲು ನಮೂನೆ 7, ವಿಳಾಸ ಬದಲಿಗೆ ನಮೂನೆ 8. ಈಗ 18 ತುಂಬಿದ್ದನ್ನು ಲೆಕ್ಕ ಹಿಡಿಯಲು ವರ್ಷಕ್ಕೆ ನಾಲ್ಕು ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಕು. ಈ ಕೆಲಸ ಚುನಾವಣೆಗೆ ಒಂದು ವರ್ಷ ಮೊದಲು ಆಗಬೇಕು, ಆಗ ದುಡ್ಡು ಕೊಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಕೊಡುವುದಿದ್ದರೆ ಬೇಗ ಕೊಡಿ. ಮತದಾನಕ್ಕೆ ನಾಲ್ಕು ದಿನ ಇರುವಾಗ ಕೊಟ್ಟದ್ದು ಜೀಪಿನ ಡೀಸೆಲ್ಲಿಗೆ ಹೋಗುತ್ತದೆ, ಅಷ್ಟೆ.

ದುಡ್ಡು ಪಕ್ಷಕ್ಕೋ ಅಭ್ಯರ್ಥಿಗೋ ಎಂಬುದು ಹಲವರು ಗಮನಿಸದ ಸಂಗತಿ. ಪಕ್ಷದ ಖಾತೆಗೆ ಹಾಕಿದ್ದು ಪಕ್ಷ ಗೆಲ್ಲಬಲ್ಲ ಕಡೆಗೆ ಹರಿಯುತ್ತದೆ; ದುರ್ಬಲ ಕ್ಷೇತ್ರದ ಅಭ್ಯರ್ಥಿಗೆ ಮೇಲಿನಿಂದ ಬರುವುದು ಧ್ವಜ, ಬಂಟಿಂಗ್ಸು ಮತ್ತು ಶುಭಾಶಯ. ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ ಕರ್ನಾಟಕದಲ್ಲಿ 40 ಲಕ್ಷ, ಲೋಕಸಭೆಗೆ 95 ಲಕ್ಷ, ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. ಮಿತಿಯವರೆಗೂ ಸುರಿಯಬಲ್ಲವರಿಗೆ ನಿಮ್ಮ ಸಾವಿರ ಲೆಕ್ಕಕ್ಕಿಲ್ಲ, ಆದರೆ ಕೆಲವೇ ಲಕ್ಷದಲ್ಲಿ ಚುನಾವಣೆ ಮುಗಿಸುವವರಿಗೆ ಅದು ಎರಡು ಮತಗಟ್ಟೆಯ ಖರ್ಚು. ಅಭ್ಯರ್ಥಿ ಯಾವ ಗುಂಪಿನವರು ಎಂದು ತಿಳಿಯಲು ನಮೂನೆ 26ರ ಪ್ರಮಾಣಪತ್ರ ನೋಡಿ. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ ಎಲ್ಲ ಅದರಲ್ಲಿದೆ, ಚುನಾವಣಾ ಆಯೋಗದ ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್‌ನಲ್ಲೂ ಸಿಗುತ್ತದೆ. ಹತ್ತಾರು ಕೋಟಿ ಇದ್ದವರಿಗೆ ನಿಮ್ಮ ಐನೂರು ಏಕೆ?

ಕಣ್ಣಿಡಬೇಕಾದ ಅಪಾಯಗಳೂ ಇವೆ. ಬಿಗಿ ಪೈಪೋಟಿಯ ಕಣದಲ್ಲಿ ಮೂರನೆಯವರಿಗೆ ಕೊಟ್ಟ ಬಲ, ನಿಮಗೆ ಸುತರಾಂ ಬೇಡದವರನ್ನು ಗೆಲ್ಲಿಸಬಹುದು. ಯಲ್ಲಾಪುರದಲ್ಲಿ 2018ರ ಗೆಲುವಿನ ಅಂತರ 1,483 ಮಾತ್ರ. ಅದೇ ಯಲ್ಲಾಪುರ ಇನ್ನೊಂದು ಪಾಠವನ್ನೂ ಕಲಿಸಿದೆ. 2018ರಲ್ಲಿ ಹೆಬ್ಬಾರರು ಕಾಂಗ್ರೆಸ್, ವಿ.ಎಸ್. ಪಾಟೀಲರು ಬಿಜೆಪಿ. 2023ರಲ್ಲಿ ಹೆಬ್ಬಾರರು ಬಿಜೆಪಿ, ಪಾಟೀಲರು ಕಾಂಗ್ರೆಸ್. ಎದುರಾಳಿಗಳು ಅವರೇ, ಚಿಹ್ನೆ ಮಾತ್ರ ಅದಲುಬದಲು. ಚಿಹ್ನೆಯನ್ನು ನಂಬಿ ದುಡ್ಡು ಕೊಟ್ಟವರು ಯಾರನ್ನು ವಾಪಸು ಕೇಳಬೇಕು? ಕಾನೂನಿನಲ್ಲಿ ಅದಕ್ಕೆ ದಾರಿಯಿಲ್ಲ. ಪಕ್ಷಕ್ಕಾಗಿ ಕೊಡುತ್ತಿದ್ದೀರೋ ವ್ಯಕ್ತಿಗಾಗಿಯೋ ಎಂದು ಮೊದಲೇ ಮನಸ್ಸಿನಲ್ಲಿ ಇತ್ಯರ್ಥ ಮಾಡಿಕೊಂಡರೆ ಹೊಟ್ಟೆಯುರಿ ಕಡಿಮೆ.

ಠೇವಣಿಗೆಂದೇ ದೇಣಿಗೆ ಎತ್ತುವವರಿರುತ್ತಾರೆ. ವಿಧಾನಸಭೆಗೆ ಠೇವಣಿ 10,000, ಲೋಕಸಭೆಗೆ 25,000. ಪರಿಶಿಷ್ಟ ಜಾತಿ-ಪಂಗಡದವರಿಗೆ ಅರ್ಧ. 2023ರಲ್ಲಿ ಯಾದಗಿರಿಯ ಪಕ್ಷೇತರ ಅಭ್ಯರ್ಥಿಯೊಬ್ಬರು ಮತದಾರರಿಂದ ಸಂಗ್ರಹಿಸಿದ ಒಂದೊಂದು ರೂಪಾಯಿಯ ನಾಣ್ಯಗಳಲ್ಲೇ 10,000 ಕಟ್ಟಿ ಅಧಿಕಾರಿಗಳನ್ನು ಎಣಿಕೆಗೆ ಕೂರಿಸಿದ್ದರು. ಸಿಂಧು ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಠೇವಣಿ ಸರ್ಕಾರಕ್ಕೆ. ಸಿರಸಿಯಂಥ ಕ್ಷೇತ್ರದಲ್ಲಿ ಒಂದೂವರೆ ಲಕ್ಷ ಮತ ಬಿದ್ದರೆ 25 ಸಾವಿರ ದಾಟಬೇಕು. ಅಷ್ಟು ಬರುವ ಸೂಚನೆ ಇಲ್ಲದವರಿಗೆ, ಮೇಲೆ ಹೇಳಿದ ಕಾರಂತರಂಥ ಕಾರಣವೂ ಇಲ್ಲದಿದ್ದರೆ, ಕೈಮುಗಿದು ಕಳಿಸುವುದರಲ್ಲಿ ತಪ್ಪೇನಿಲ್ಲ.

ಕೊಡುವುದಾದರೆ ಕಾನೂನಿನ ಪ್ರಕಾರ

ಪ್ರತಿ ಅಭ್ಯರ್ಥಿಯೂ ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದಿರಬೇಕು. ದುಡ್ಡು ಹೋಗಬೇಕಾದದ್ದು ಆ ಖಾತೆಗೆ, ಜತೆಗೆ ಬಂದವರ ಜೇಬಿಗೋ ಅವರ ಫೋನ್ ನಂಬರಿಗೋ ಅಲ್ಲ. ಒಬ್ಬರಿಂದ 10,000 ರೂಪಾಯಿಗಿಂತ ಹೆಚ್ಚನ್ನು ಅಭ್ಯರ್ಥಿ ನಗದಾಗಿ ಪಡೆಯುವಂತಿಲ್ಲ. ಪಕ್ಷಕ್ಕಾದರೆ ನಗದಿನ ಮಿತಿ 2,000. ಚುನಾವಣಾ ಬಾಂಡನ್ನು ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದೇ ರದ್ದು ಮಾಡಿದೆ.

ತೆರಿಗೆ ವಿನಾಯಿತಿಯ ಮಾತನ್ನು ಎಲ್ಲರೂ ಅರೆಬರೆ ಕೇಳಿರುತ್ತಾರೆ. 80ಜಿಜಿಸಿ ಎಂದು ಹೆಸರಾದ ವಿನಾಯಿತಿ ಇರುವುದು ನೋಂದಾಯಿತ ಪಕ್ಷಕ್ಕೋ ಚುನಾವಣಾ ಟ್ರಸ್ಟಿಗೋ ನಗದಲ್ಲದ ರೂಪದಲ್ಲಿ ಕೊಟ್ಟದ್ದಕ್ಕೆ ಮಾತ್ರ. ಅಭ್ಯರ್ಥಿಗೆ ನೇರ ಕೊಟ್ಟರೆ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಹೆಸರು ಕೇಳದ ಪಕ್ಷಕ್ಕೆ ಲಕ್ಷ ಕೊಟ್ಟಂತೆ ತೋರಿಸಿ ಕಮಿಷನ್ ಬಿಟ್ಟು ವಾಪಸು ಪಡೆಯುವ ದಂಧೆಯ ಬೆನ್ನು ಆದಾಯ ತೆರಿಗೆ ಇಲಾಖೆ ಹತ್ತಿದೆ. 2025ರ ಆಗಸ್ಟಿನಲ್ಲಿ ಚುನಾವಣಾ ಆಯೋಗ 334 ಪಕ್ಷಗಳನ್ನು ಪಟ್ಟಿಯಿಂದಲೇ ಕಿತ್ತುಹಾಕಿತು. ಯಾರಾದರೂ ಆ ಆಸೆ ತೋರಿಸಿದರೆ ದೂರವಿರಿ.

ಅಭಿಮಾನದಿಂದ ಸ್ವಂತ ಖರ್ಚಿನಲ್ಲಿ ಬ್ಯಾನರ್ ಕಟ್ಟಿಸುವ, ಕರಪತ್ರ ಹೊಡೆಸುವ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಪ್ರಚಾರಕ್ಕೆ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 176ರ ಪ್ರಕಾರ ಅಪರಾಧ, ದಂಡ 10,000 ರೂಪಾಯಿವರೆಗೆ. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು-ವಿಳಾಸ ಇರಲೇಬೇಕು. ಸರ್ಕಾರಿ ನೌಕರರು ಪಕ್ಷಕ್ಕಾಗಲಿ ಅಭ್ಯರ್ಥಿಗಾಗಲಿ ವಂತಿಗೆ ಕೊಡುವುದನ್ನು ನಡತೆ ನಿಯಮಗಳು ಒಪ್ಪುವುದಿಲ್ಲ. ಮನೆಯವರ ಹೆಸರಿನಲ್ಲಿ ಕೊಟ್ಟು ಜಾಣತನ ತೋರಿಸುವುದೂ ಬೇಡ. ಹೊರದೇಶದಲ್ಲಿರುವ ಮಕ್ಕಳು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ತಮ್ಮ ಉಳಿತಾಯದಿಂದ ಕೊಡಬಹುದು. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡು ಇಟ್ಟುಕೊಂಡವರು ಕೊಡುವಂತಿಲ್ಲ, ಅದು ವಿದೇಶಿ ದೇಣಿಗೆ ಎನಿಸಿಕೊಳ್ಳುತ್ತದೆ. ಸಿಕ್ಕಿಬೀಳುವವರು ಪಡೆದ ಅಭ್ಯರ್ಥಿ.

ಇಷ್ಟೆಲ್ಲ ನೋಡಿದ ಮೇಲೂ ಕೈಯಲ್ಲಿ ಒಂದೇ ಸಾವಿರ ಇದ್ದರೆ, ಅದನ್ನು ಬಿಳಗಿಯವನಾಗಿ ನಾನು ದೊಡ್ಡ ಕಣಕ್ಕೆ ಕಳಿಸುವುದಿಲ್ಲ. ಲೋಕಸಭೆಯ ಮೂರು ಲಕ್ಷದ ಅಂತರಕ್ಕಿಂತ ವಿಧಾನಸಭೆಯ ಕೆಲವು ಸಾವಿರ ಹತ್ತಿರ, ಅದಕ್ಕಿಂತ ಪಂಚಾಯಿತಿ ಹತ್ತಿರ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯಿಲ್ಲ, ಒಂದು ಕೇರಿಯ ಮತ ಫಲಿತಾಂಶ ತಿರುಗಿಸುತ್ತದೆ. ಮುಂದೆ ಮತಗಟ್ಟೆಯಲ್ಲಿ ಕೂರುವವರು, ಪಟ್ಟಿ ತಿದ್ದಿಸುವವರು ತಯಾರಾಗುವುದೂ ಅಲ್ಲೇ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಹೋದದ್ದರಿಂದ ಎಲ್ಲ ಪಕ್ಷಗಳಲ್ಲೂ ಆ ನಡುವಿನ ಮೆಟ್ಟಿಲು ಸವೆದಿದೆ. ಸೋಲುವ ಪಕ್ಷಕ್ಕೆ ಆ ಪೆಟ್ಟು ಹೆಚ್ಚು.

ಕೊಟ್ಟ ಮೇಲೆ ರಸೀದಿ ಇಟ್ಟುಕೊಳ್ಳಿ. ಗೆದ್ದವರಾಗಲಿ ಸೋತವರಾಗಲಿ, ಫಲಿತಾಂಶ ಬಂದ 30 ದಿನದೊಳಗೆ ಅಭ್ಯರ್ಥಿ ತನ್ನ ವೆಚ್ಚದ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ನಮಗೆ ಕಾರವಾರಕ್ಕೆ, ಸಲ್ಲಿಸಬೇಕು. ಸಲ್ಲಿಸದಿದ್ದರೆ ಮೂರು ವರ್ಷ ಅನರ್ಹ. ಆ ಲೆಕ್ಕವನ್ನು ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ನೀವು ಕೊಟ್ಟ ದುಡ್ಡು ಅದರಲ್ಲಿ ಇಲ್ಲದಿದ್ದರೆ, ಮುಂದಿನ ಸಲ ಅವರು ಅಂಗಳಕ್ಕೆ ಬಂದಾಗ ಕೇಳಬೇಕಾದ ಪ್ರಶ್ನೆ ನಿಮ್ಮ ಬಳಿ ಇರುತ್ತದೆ.